ಬೇಡದ ಕಡೆ ಬಂದು ಕೂರುವ ‘ಹ್ಯಾಡ್’

ಇಂಗ್ಲಿಷಿನಲ್ಲಿ ಬರೆದ ರಜೆ ಅರ್ಜಿ, ಕೆಲಸದ ಅರ್ಜಿಗಳನ್ನು ತಿದ್ದಿಕೊಡುವುದು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವ ಬಿಟ್ಟಿ ಚಾಕರಿ. ಅವುಗಳಲ್ಲಿ ನಾನು ಅತಿ ಹೆಚ್ಚು ಹೊಡೆದುಹಾಕುವ ಪದ ‘ಹ್ಯಾಡ್’. ‘ಐ ಹ್ಯಾಡ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019.’ ‘ಐ ಹ್ಯಾಡ್ ಗಾನ್ ಟು ದ ಬ್ಯಾಂಕ್ ಯೆಸ್ಟರ್ಡೇ.’ ಬರೆದವರು ಇಂಗ್ಲಿಷ್ ಬಾರದವರಲ್ಲ. ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿ, ದಾಟುವಾಗ ಮುಗ್ಗರಿಸಿದವರು.

ಮೊದಲು ಇಂಗ್ಲಿಷಿನ ಹನ್ನೆರಡು ಕಾಲಗಳ (ಟೆನ್ಸ್) ಕೋಷ್ಟಕವನ್ನು ಮಡಚಿಡಿ. ತಿಂಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆಂದು ಬಸ್ ನಿಲ್ದಾಣದಲ್ಲಿ ಮಾರುವ ಪುಸ್ತಕಗಳನ್ನೂ ಅದರ ಜೊತೆಗೇ ಇಡಿ. ‘ಹ್ಯಾವ್ ಗಾನ್’ ಎಂದರೆ ‘ಹೋಗಿದ್ದೇನೆ’, ‘ಹ್ಯಾಡ್ ಗಾನ್’ ಎಂದರೆ ‘ಹೋಗಿದ್ದೆ’ ಎಂದು ಅಕ್ಕಪಕ್ಕ ಅಚ್ಚು ಹಾಕಿ ನಮ್ಮನ್ನು ಕೆಡಿಸಿದವು ಅವೇ.

ಎರಡನೆಯದಾಗಿ, ನಿಮ್ಮ ವಾಕ್ಯದಲ್ಲಿ ಮುಗಿದುಹೋದ ಹೊತ್ತಿನ ಹೆಸರು ಇದೆಯೇ ನೋಡಿ: ನಿನ್ನೆ, ಕಳೆದ ವಾರ, 2019. ಇದ್ದರೆ ಪ್ರೆಸೆಂಟ್ ಪರ್ಫೆಕ್ಟ್, ಅಂದರೆ ‘ಹ್ಯಾವ್ ಗಾನ್’ನಂಥ ‘ಹ್ಯಾವ್’, ‘ಹ್ಯಾಸ್’ ಸೇರಿದ ರೂಪ, ಅಲ್ಲಿಗೆ ಬರುವಂತಿಲ್ಲ. ‘ನಿನ್ನೆಯೇ ಕಳುಹಿಸಿದ್ದೇನೆ’ ಎಂಬುದನ್ನು ಕನ್ನಡ ಧಾರಾಳವಾಗಿ ಒಪ್ಪುತ್ತದೆ. ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಎಂಬುದನ್ನು ಇಂಗ್ಲಿಷ್ ಒಪ್ಪುವುದಿಲ್ಲ. ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಎನ್ನಿ. ‘ಹ್ಯಾವ್’ ಬೇಕೇ ಬೇಕೆಂದರೆ ‘ನಿನ್ನೆ’ಯನ್ನು ಕೈಬಿಡಿ.

ಇನ್ನು ನಿಜವಾಗಿ ಕಾಲು ಜಾರುವ ಜಾಗ. ‘ನಿನ್ನೆ ಬ್ಯಾಂಕಿಗೆ ಹೋದೆ’ ಎಂದು ಮನೆಯಲ್ಲಿ ಹೇಳಿ ಸುಮ್ಮನಾಗಿ ನೋಡಿ. ಕೇಳುತ್ತಿರುವವರು ‘ಆಮೇಲೆ?’ ಎನ್ನುತ್ತಾರೆ. ‘ಹೋದೆ’ ಎಂದರೆ ಕಥೆ ಮುಂದೆ ಇದೆ ಎಂದರ್ಥ. ‘ಹೋಗಿದ್ದೆ’ ಎಂದರೆ ಹೋಗಿ ಬಂದದ್ದಾಯಿತು, ಮಾತು ಮುಗಿಯಿತು. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ‘ಐ ವೆಂಟ್’ ತನ್ನಷ್ಟಕ್ಕೆ ಪೂರ್ತಿ. ‘ಐ ಹ್ಯಾಡ್ ಗಾನ್’ ಎಂದರೆ ಕೇಳುವವರು ಇನ್ನೊಂದು ಘಟನೆಗಾಗಿ ಕಾಯುತ್ತಾ ನಿಲ್ಲುತ್ತಾರೆ: ನೀವು ಹೋದ ನಂತರ, ಆಗಲೇ ಕಳೆದುಹೋದ ಯಾವುದೋ ಹೊತ್ತಿಗೆ, ಏನಾಯಿತು? ಆ ಎರಡನೆಯ ಘಟನೆ ನಿಮ್ಮ ಬಳಿ ಇಲ್ಲದಿದ್ದರೆ ‘ಹ್ಯಾಡ್’ ಹೊಡೆದುಹಾಕಿ, ‘ವೆಂಟ್’ ಬರೆಯಿರಿ. ‘ಹೋಗಿದ್ದೆ’ ಎಂದು ಮನಸ್ಸಿಗೆ ಬಂದಾಗಲೆಲ್ಲ ಈ ಪರೀಕ್ಷೆ ಮಾಡಲೇಬೇಕು. ಮೊಬೈಲಿನ ವ್ಯಾಕರಣ ಆ್ಯಪ್‌ಗಳನ್ನು ನೆಚ್ಚಬೇಡಿ. ಅವು ಒಂದೇ ವಾಕ್ಯ ನೋಡಿ, ಇಂಥ ‘ಹ್ಯಾಡ್’ಗಳನ್ನು ಹಾಗೆಯೇ ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಎರಡು ಘಟನೆಗಳಿದ್ದರೆ ಮೊದಲು ನಡೆದದ್ದಕ್ಕೆ ‘ಹ್ಯಾಡ್’. ಇದಕ್ಕೆ ಶಾಲೆಯಲ್ಲಿ ಕೊಡುತ್ತಿದ್ದ ಉದಾಹರಣೆ, ಡಾಕ್ಟರು ಬರುವ ಮೊದಲೇ ತೀರಿಕೊಂಡ ಆ ಬಡಪಾಯಿ ರೋಗಿಯದು: ‘ದ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್.’ ನನಗದು ಒಗ್ಗುವುದಿಲ್ಲ. ‘ಬಿಫೋರ್’ ಎಂಬ ಪದವೇ ಯಾವುದು ಮೊದಲು ಎಂದು ಹೇಳಿಬಿಡುವುದರಿಂದ ಅಲ್ಲಿ ‘ಹ್ಯಾಡ್’ ಇಲ್ಲದಿದ್ದರೂ ನಡೆಯುತ್ತದೆ. ‘ವೆನ್’ ಇಟ್ಟು ನೋಡಿ. ‘ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ಲೆಫ್ಟ್’ ಎಂದರೆ ನಾನು ತಲುಪಿದ ಗಳಿಗೆಯಲ್ಲೇ ಬಸ್ ಹೊರಟಿತು. ಹಿಂದೆ ಓಡಿ ಬಾಗಿಲು ಬಡಿಯಬಹುದಿತ್ತು. ‘ದ ಬಸ್ ಹ್ಯಾಡ್ ಲೆಫ್ಟ್’ ಎಂದರೆ ನಾನು ತಲುಪುವಷ್ಟರಲ್ಲಿ ಅದು ಹೊರಟುಹೋಗಿತ್ತು. ನಿಲ್ದಾಣದಲ್ಲಿ ಧೂಳೂ ಇರಲಿಲ್ಲ.

ಹೊತ್ತಿನ ಹೆಸರಿಲ್ಲದೆ, ಈಗಿನ ಸ್ಥಿತಿಗೆ ತಾಗುವ ಸುದ್ದಿಯಾದರೆ ಕಣ್ಣುಮುಚ್ಚಿ ‘ಹ್ಯಾವ್’. ಒಂದು ಎಚ್ಚರಿಕೆ: ಅಪ್ಪ ಹಂಪಿಗೆ ಹೋಗಿದ್ದು ಇನ್ನೂ ಬಂದಿಲ್ಲವಾದರೆ ‘ಹ್ಯಾಸ್ ಗಾನ್ ಟು’, ಯಾವಾಗಲೋ ಹೋಗಿ ಬಂದಿದ್ದರೆ ‘ಹ್ಯಾಸ್ ಬೀನ್ ಟು’. ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎಂಬುದಕ್ಕೂ ‘ಹ್ಯಾವ್ ಬೀನ್’ ಬೇಕು; ‘ಐ ಆ್ಯಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಅಲ್ಲ. ಹತ್ತು ವರ್ಷ ಎಂಬ ಅವಧಿಗೆ ‘ಫಾರ್’, 2015 ಎಂಬ ಆರಂಭಕ್ಕೆ ‘ಸಿನ್ಸ್’.

‘ಹ್ಯಾವ್’, ‘ಹ್ಯಾಡ್’ಗಳ ಮುಂದೆ ಬರುವ ‘ಗಾನ್’, ‘ಸೀನ್’, ‘ರಿಟನ್’ನಂಥ ರೂಪಗಳನ್ನು ಬಾಯಿಪಾಠ ಮಾಡುವುದೇ ಸರಿ. ಅಡ್ಡದಾರಿ ಇಲ್ಲ.

ಇಷ್ಟನ್ನೂ ಹೇಳಿಕೊಟ್ಟ ಮೇಲೆ ನಮ್ಮ ಹುಡುಗನೊಬ್ಬ ಸಿಕ್ಕ ಸಿಕ್ಕ ‘ಹ್ಯಾಡ್’ಗಳನ್ನೆಲ್ಲ ಅಳಿಸಿ ರಜೆ ಅರ್ಜಿ ತಂದ: ‘ಐ ಫೀವರ್ ಯೆಸ್ಟರ್ಡೇ.’ ಜ್ವರ ಇತ್ತು ಎನ್ನುವ ‘ಹ್ಯಾಡ್’ ಬೇರೆಯದಪ್ಪಾ, ಅದನ್ನು ಹಾಗೆಯೇ ಇರಗೊಡು ಎಂದು ಕೆಂಪು ಪೆನ್ನಿನಲ್ಲಿ ನಾನೇ ವಾಪಸ್ ಸೇರಿಸಿದೆ.