ಬರಗಾಲದ ನೀರಿನ ಲೆಕ್ಕದಲ್ಲಿ ಹೊರುವವಳನ್ನೂ ಸೇರಿಸಿ

ಬರ ಬಿದ್ದಾಗ ಬೆಳೆನಷ್ಟದ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ನೀರಿಗಾಗಿ ಹೆಂಗಸರು ಕಳೆಯುವ ಹೊತ್ತಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮೊದಲು ಅದನ್ನು ಬರೆಯಿರಿ.

ಕುಡಿಯಲು, ಅಡುಗೆಗೆ, ತೊಳೆಯಲು ಒಬ್ಬೊಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು. ಹಸುವಿಗೆ 30, ಆಡಿಗೆ 5 ಲೀಟರ್ ಹಿಡಿಯಿರಿ. ಕರೆಯುವ ಹಸು ಇನ್ನೂ ಹೆಚ್ಚು ಕುಡಿಯುತ್ತದೆ. ಐದು ಜನ, ಒಂದು ಹಸು, ಎರಡು ಆಡು ಎಂದರೆ 115 ಲೀಟರ್. 15 ಲೀಟರಿನ ಕೊಡದಲ್ಲಿ ಎಂಟು ಸಲ. ಸರದಿ ಕಾಯುವುದೂ ಸೇರಿ ಸಲಕ್ಕೆ 40 ನಿಮಿಷವಾದರೆ ಐದು ಗಂಟೆ ಇಪ್ಪತ್ತು ನಿಮಿಷ! ಇದನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆದು, ಯಾರಿಗೆ ಎಷ್ಟು ಕೊಡ ಎಂದು ಹಂಚಿ. ಜಾನುವಾರಿನ ನೀರನ್ನು ಗಂಡಸರು ತಂದರೆ ಮೂರು ಸಲ ಅಲ್ಲೇ ಉಳಿಯುತ್ತದೆ.

ತುಂಬಿದ ಕೊಡ 15 ಕಿಲೋಗಿಂತ ಭಾರ. ಬಸುರಿ, ಬಾಣಂತಿಯರಿಗೆ ಇದು ಬೇಡ. ಉಳಿದವರೂ ಒಂದೇ ಸೊಂಟದ ಮೇಲೆ ಹೊರುವ ಬದಲು ಎರಡು ಚಿಕ್ಕ ಕ್ಯಾನ್‌ಗಳಲ್ಲಿ ಭಾರ ಹಂಚಿಕೊಳ್ಳಲಿ.

ನೀರು ಕಡಿಮೆಯಾದಾಗ ಮನೆಯಾಕೆ ಮೊದಲು ಕಡಿತ ಮಾಡುವುದು ತಾನು ಕುಡಿಯುವುದನ್ನೇ. ಶೌಚಕ್ಕೆ ಮರೆಯಿಲ್ಲದ ಕಡೆ ಬೇಕೆಂದೇ ಕುಡಿಯುವುದಿಲ್ಲ. ಮೂತ್ರ ಕಡುಹಳದಿಯಾದರೆ ನೀರು ಸಾಲುತ್ತಿಲ್ಲವೆಂದು ತಿಳಿಯಿರಿ; ಉರಿದರೆ ಸೋಂಕೂ ಇರಬಹುದು. ಆಕೆಯ ಪಾಲನ್ನು ಬೆಳಿಗ್ಗೆಯೇ ಬೇರೆ ಬಾಟಲಿಗೆ ತುಂಬಿಡಿ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 700 ಮಿಲಿಲೀಟರ್ ಹೆಚ್ಚು ಬೇಕು. ಊಟವೂ ಅಷ್ಟೇ: ಕೊನೆಗೆ ಉಣ್ಣುವವಳಿಗೆ ತಳದಲ್ಲಿ ಉಳಿದದ್ದಷ್ಟೇ ಸಿಗುತ್ತದೆ, ಅವಳ ಪಾಲು ಮೊದಲೇ ಎತ್ತಿಡಿ.

ಮುಟ್ಟಿನ ದಿನಗಳಿಗೆ ದಿನಕ್ಕೊಂದು ಕೊಡ ಹೆಚ್ಚಿಗೆ ಬರೆದುಕೊಳ್ಳಿ. ಸರಿಯಾಗಿ ತೊಳೆಯದೆ ನೆರಳಲ್ಲಿ ಅರ್ಧ ಒಣಗಿದ ಬಟ್ಟೆಯಿಂದ ತುರಿಕೆ, ಸೋಂಕು ಬರಬಹುದು. ಬಿಸಿಲಲ್ಲೇ ಒಣಗಬೇಕು.

ಬಾವಿಯ ತಳ ಕಂಡಾಗ ನೀರು ಕದಡಿರುತ್ತದೆ. ಅದಕ್ಕೆ ಕ್ರಿಮಿ ಕೊಲ್ಲುವ ಕ್ಲೋರಿನ್ (ಬ್ಲೀಚ್‌ನಲ್ಲಿರುವುದು) ಹಾಕಿದರೆ ಅದರ ಶಕ್ತಿಯ ಬಹುಪಾಲು ಕೆಸರಿಗೇ ಖರ್ಚಾಗುತ್ತದೆ. ತಿಳಿಯಾಗಲು ಬಿಟ್ಟು, ಮಡಚಿದ ಬಟ್ಟೆಯಲ್ಲಿ ಸೋಸಿ, ಪರಿಮಳವಿಲ್ಲದ 5–6% ಬ್ಲೀಚ್ ದ್ರಾವಣವನ್ನು ಲೀಟರಿಗೆ 2 ಹನಿ ಬೆರೆಸಿ, ಅರ್ಧ ಗಂಟೆ ಬಿಡಿ. ಸೋಸಿದ ಮೇಲೂ ಮಬ್ಬಿದ್ದರೆ 4 ಹನಿ. ಸೌದೆಯನ್ನೂ ಹೆಂಗಸರೇ ಹೊರಬೇಕಾದ ಮನೆಯಲ್ಲಿ ಕುದಿಸುವುದಕ್ಕಿಂತ ಇದು ಹಗುರ.

ಪಾತ್ರೆ, ಬಟ್ಟೆ ತೊಳೆದ ನೀರು ಕೈತೋಟದ ಬುಡಕ್ಕೆ ಹೋಗಲಿ, ಎಲೆಗೆ ತಾಗದಿರಲಿ. ಹಸಿಯಾಗಿ ತಿನ್ನುವ ಗೆಡ್ಡೆ, ಸೊಪ್ಪಿಗೆ ಬೇಡ. ಮಗುವಿನ ಮಲದ ಬಟ್ಟೆ ತೊಳೆದದ್ದು ಯಾವ ಗಿಡಕ್ಕೂ ಬೇಡ. ತೊಳೆದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಟ್ಟರೆ ಕೊಳೆತು ನಾರುತ್ತದೆ. ಸೋಪಿನ ಉಪ್ಪು ಕೂಡಿ ಮಣ್ಣು ಗಟ್ಟಿಯಾದರೆ ಆ ಪಾತಿಯನ್ನು ಬಿಟ್ಟು ಬೇರೆ ಪಾತಿಗೆ ತಿರುಗಿಸಿ.