ಈರುಳ್ಳಿ ಸಿಪ್ಪೆ ಎಸೆಯಬೇಡಿ, ಹಾಳೆಗೆ ಅಂಟಿಸಿ

ಈರುಳ್ಳಿ ಬುಟ್ಟಿ ಕೊಡವಿದರೆ ತಳದಲ್ಲಿ ಒಂದು ಹಿಡಿ ಸಿಪ್ಪೆ ಸಿಕ್ಕೇ ಸಿಗುತ್ತದೆ. ಗೋಡೆಗೆ ತೂಗುಹಾಕುವ ಚಿತ್ರ ಮಾಡಲು ಒಂದೆರಡು ವಾರ ಅದನ್ನು ಚೀಲದಲ್ಲಿ ಕೂಡಿಡಿ. ಕಪ್ಪು ಪುಡಿ ಹತ್ತಿದ ಸಿಪ್ಪೆ ಮಾತ್ರ ಬೇಡ, ಅದು ಬೂಷ್ಟು. ಜೊತೆಗೆ ದಪ್ಪ ಡ್ರಾಯಿಂಗ್ ಹಾಳೆ, ಫೆವಿಕಾಲ್, ಕಪ್ಪು ಪೋಸ್ಟರ್ ಬಣ್ಣ, ಗ್ರಂಧಿಗೆ ಅಂಗಡಿಯಿಂದ ಒಂದು ತುಂಡು ಪಟಿಕ ತನ್ನಿ.

ಎರಡು ದಿನ ಮುಂಚೆ ಮಾಡುವ ಕೆಲಸ ಒಂದಿದೆ. ತುಕ್ಕು ಹಿಡಿದ ನಾಲ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ನೆನೆಹಾಕಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಕಟ್ಟುತ್ತದೆ.

ಈಗ ಬಣ್ಣ. ಎರಡು ಹಿಡಿ ಸಿಪ್ಪೆಗೆ ಅರ್ಧ ಲೀಟರ್ ನೀರು, ಸಣ್ಣ ಉರಿ, ಅರ್ಧ ಗಂಟೆ. ಪಾತ್ರೆ ಹಳೆಯ ಸ್ಟೀಲಿನದಾಗಿರಲಿ, ಆಮೇಲೆ ಅಡುಗೆಗೆ ಬಳಸಬೇಡಿ. ಸೋಸಿದರೆ ಕಡು ಚಹಾದಂಥ ನೀರು. ಅರ್ಧ ಲೋಟ ಬಿಸಿನೀರಿಗೆ ಕಾಲು ಚಮಚ ಪಟಿಕದ ಪುಡಿ ಕರಗಿಸಿ ಹಾಳೆಗೆ ಬಳಿದು ಒಣಗಿಸಿ, ಅದರ ಮೇಲೆ ಈ ಬಣ್ಣ ಎಳೆಯಿರಿ. ಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಎಂಬ ಬಣ್ಣದ ಅಂಶ ಪಟಿಕ ಸೇರಿದರೆ ಹೊಂಬಣ್ಣಕ್ಕೆ, ಕಬ್ಬಿಣ ಸೇರಿದರೆ ಕಪ್ಪು ಹಸಿರಿಗೆ ತಿರುಗುತ್ತದೆ. ಹಾಗಾಗಿ ಹಾಳೆ ಇನ್ನೂ ಹಸಿಯಿರುವಾಗಲೇ ಮೊಳೆ ನೀರನ್ನು ಅಲ್ಲಲ್ಲಿ ತೊಟ್ಟಿಕ್ಕಿಸಿ. ಮಳೆಮೋಡ ಹರಡಿದ ಹಾಗೆ ಕಲೆ ಹಬ್ಬುತ್ತದೆ. ಎಲ್ಲಿ ನಿಲ್ಲುತ್ತದೆ ಅಂತ ಹೇಳೋಕೆ ಬರಲ್ಲ, ನನಗೆ ಇಷ್ಟವಾಗುವುದೂ ಅದೇ.

ಮುಂದೆ ಅಚ್ಚು. ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದರೆ ಬಳೆಯೊಳಗೆ ಬಳೆ, ಉದ್ದಕ್ಕೆ ಕೊಯ್ದರೆ ದೀಪದ ಕುಡಿ. ಮೊದಲ ಸಲ ನಾನು ಕೊಯ್ದ ತಕ್ಷಣ ಬಣ್ಣ ಹಚ್ಚಿ ಒತ್ತಿದೆ. ರಸಕ್ಕೆ ಬಣ್ಣ ಜಾರಿ ಬಳೆಗಳೆಲ್ಲ ಒಂದೇ ಮುದ್ದೆ. ಕಣ್ಣೀರು ಬೇರೆ! ಕೊಯ್ದ ಮುಖವನ್ನು ಬಟ್ಟೆಯ ಮೇಲೆ ಅರ್ಧ ಗಂಟೆ ಬೋರಲು ಹಾಕಿಟ್ಟರೆ ಈ ತಾಪತ್ರಯ ಇಲ್ಲ. ಕಪ್ಪು ಪೋಸ್ಟರ್ ಬಣ್ಣ ತೆಳುವಾಗಿ ಹಚ್ಚಿ, ಹಾಳೆಗೆ ಒಂದೇ ಸಲ ಒತ್ತಿ, ನೇರಕ್ಕೆ ಎತ್ತಿ.

ಕೊನೆಗೆ ಸಿಪ್ಪೆ. ಒಣಸಿಪ್ಪೆ ಮುಟ್ಟಿದರೆ ಪುಡಿ. ಐದು ನಿಮಿಷ ಬಿಸಿನೀರಲ್ಲಿ ಹಾಕಿ, ಒರೆಸಿ, ದಪ್ಪ ಪುಸ್ತಕದಡಿ ಒತ್ತಿಡಿ. ಒಂದು ಸಿಪ್ಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬುಡದಿಂದ ತುದಿಗೆ ಸಾಲುಸಾಲು ಗೆರೆ, ಬೆಟ್ಟದ ಮೇಲಿನ ಉತ್ತ ಹೊಲದ ಹಾಗೆ. ಆ ಗೆರೆ ನೋಡಿಕೊಂಡೇ ಹರಿಯಿರಿ. ಕತ್ತರಿ ಹಾಕಿದರೆ ಅಂಚು ಸಪ್ಪೆ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಅಂಟಿಸಿ, ಮೇಲೂ ಒಂದು ಪದರ ಬಳಿಯಿರಿ. ಕೆಂಪು ಸಿಪ್ಪೆಯ ಮೇಲೆ ತೆಳು ಸಿಪ್ಪೆ ಅರ್ಧ ಬರುವಂತೆ ಕೂರಿಸಿದರೆ ಮೂರನೇ ಬಣ್ಣವೊಂದು ಹುಟ್ಟುತ್ತದೆ. ಪೂರ್ತಿ ಒಣಗಿದ ಮೇಲೆ ಬೇಕಾದರೆ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ.

ಬಿಸಿಲು ಬೀಳುವ ಗೋಡೆಗೆ ಮಾತ್ರ ತೂಗುಹಾಕಬೇಡಿ, ಬಣ್ಣ ಮಾಸುತ್ತದೆ. ಬಣ್ಣದ ನೀರು ಉಳಿಯಿತಾ? ಹಳೆಯ ಬಿಳಿ ಕರ್ಚೀಫ್ ಇದ್ದರೆ ಅದ್ದಿ ನೋಡಿ.