ಕ್ಯೂರಾಸಿಯರ್ ಎಂದು ಕೊಂಡ ಹೆಲ್ಮೆಟ್ಟಿನ ಅಡಿಯ ಕಪ್ಪು ಬಣ್ಣ

ಮುಂಭಾಗದ ಹದ್ದಿನ ಫಲಕವನ್ನು ನೋಡಿ ಜರ್ಮನ್ ಅಶ್ವದಳದ ಹೆಲ್ಮೆಟ್ಟನ್ನು ಗುರುತಿಸುವ ಪದ್ಧತಿಯನ್ನು ನಾನು ಕೈಬಿಟ್ಟು ಸುಮಾರು ಆರು ವರ್ಷಗಳಾದವು. ಫಲಕವನ್ನು ಯಾರು ಬೇಕಾದರೂ ಬದಲಾಯಿಸಬಹುದು. ಆದರೆ ಫಲಕ, ಕೊಕಾರ್ಡ್ (ಬದಿಯ ಬಣ್ಣದ ಬಿಲ್ಲೆ) ಮತ್ತು ನೆತ್ತಿಯ ಮೊನೆಯ ತಳಬಿಲ್ಲೆಗಳ ಅಡಿಯಲ್ಲಿ ಪಾಲಿಶ್ ಬಟ್ಟೆ ಎಂದೂ ತಲುಪದ ಲೋಹವಿರುತ್ತದೆ, ನಾನು ಓದುವುದು ಅದನ್ನು. ಬಿಡಿಭಾಗಗಳನ್ನು ಕಳಚಿದರೆ ಬೆಲೆಯೇ ಬಿದ್ದುಹೋಗುತ್ತದೆ ಎಂದು ಹಿರಿಯ ಸಂಗ್ರಾಹಕರು ನನ್ನನ್ನು ತಡೆದಿದ್ದರು.

ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಮೊದಲ ವರ್ಷವೇ ಡ್ರಗೂನ್ ಎಂಬ ಸವಾರದಳದ ಒಂದು ಹೆಲ್ಮೆಟ್ಟಿನ ಒಣಗಿದ ಚರ್ಮಕ್ಕೆ ಎಣ್ಣೆ ಸವರಿ ಮುಂಚಾಚಿನ ಹೊಲಿಗೆ ಬಿಚ್ಚಿಹೋಯಿತು. ಸುಮಾರು ನಾನೂರು ಯೂರೋ ನಷ್ಟವಾಯಿತು. ಇನ್ನೊಮ್ಮೆ ತೊಂಬಾಕಿನ, ಅಂದರೆ ತಾಮ್ರ ಹೆಚ್ಚಿರುವ ಹಿತ್ತಾಳೆಯ, ಕೆಂಪು ಛಾಯೆಯನ್ನು ಖಚಿತಪಡಿಸಿಕೊಳ್ಳಲು, ಊರಿನಲ್ಲಿ ಅಮ್ಮ ಹಿತ್ತಾಳೆ ಚೊಂಬನ್ನು ಬೆಳಗುತ್ತಿದ್ದಂತೆ, ಹುಣಸೆಹುಳಿಯಿಂದ ಒಂದು ಸಡಿಲ ಫಲಕವನ್ನು ಉಜ್ಜಿದೆ. ಲೋಹದ ಬಣ್ಣವೇನೋ ತಿಳಿಯಿತು, ಆದರೆ ನೂರು ವರ್ಷದಲ್ಲಿ ಕೂಡಿದ ಮಾಸಲು ಬಣ್ಣ ಒಂದೇ ನಿಮಿಷದಲ್ಲಿ ಅಳಿಸಿಹೋಯಿತು. ಅಂದಿನಿಂದ ತೊಂಬಾಕನ್ನು ಒಣ ಹತ್ತಿಯಿಂದ ಮಾತ್ರ ಮುಟ್ಟುತ್ತೇನೆ.

ಮ್ಯೂನ್‌ಸ್ಟರ್‌ನಲ್ಲಿ ವಾಸಿಸುವವನಾದ್ದರಿಂದ ಇಲ್ಲೇ ನೆಲೆಯಿದ್ದ 4ನೇ ಕ್ಯೂರಾಸಿಯರ್ (ಭಾರಿ ಅಶ್ವದಳ) ರೆಜಿಮೆಂಟಿನ ಹೆಲ್ಮೆಟ್ ಒಂದು ಸಿಗಬೇಕೆಂಬ ಹಂಬಲ ನನಗಿತ್ತು. ಹದ್ದಿಲ್ಲದ, ಹೊಳೆಯುವ ಉಕ್ಕಿನ, ಹಿಂಗುತ್ತಿಗೆಯ ಮೇಲೆ ಉದ್ದವಾಗಿ ಇಳಿದ ಒಂದು ಹೆಲ್ಮೆಟ್ಟನ್ನು ವ್ಯಾಪಾರಿಯೊಬ್ಬರು ಕ್ಯೂರಾಸಿಯರ್ ಎಂದೇ ಮಾರಿದರು. ಸಾವಿರದ ನೂರು ಯೂರೋ ಆಸುಪಾಸು ಕೊಟ್ಟ ನೆನಪು. ಲೈನ್ ಹದ್ದೊಂದನ್ನು, ಅಂದರೆ ಸಾಮಾನ್ಯ ರೆಜಿಮೆಂಟುಗಳ ಫಲಕವನ್ನು, ಹಾಕಿಬಿಟ್ಟರೆ ಬೆಲೆ ದುಪ್ಪಟ್ಟಾಗುತ್ತದೆ ಎಂದರು ಗೆಳೆಯರು. ನಾನು ಹಾಕಲಿಲ್ಲ. ಬಲಬದಿಯ ರೈಖ್ (ಜರ್ಮನ್ ಸಾಮ್ರಾಜ್ಯದ) ಕೊಕಾರ್ಡನ್ನು, ಅಂದರೆ 1897ರಲ್ಲಿ ಬಂದ ಕಪ್ಪು, ಬಿಳಿ, ಕೆಂಪಿನ ಬಿಲ್ಲೆಯನ್ನು, ತೆಗೆದಾಗ ಅದರ ಅಡಿಯಲ್ಲಿ ಉಗುರಿನಗಲದ ಕಪ್ಪು ಲೇಪವಿತ್ತು. ಮೊನೆಯ ತಳಬಿಲ್ಲೆಯ ಅಡಿಯಲ್ಲೂ ಅದೇ ಕಪ್ಪು, ರಿವೆಟ್ಟುಗಳ ಸುತ್ತ ಕಾಡಿಗೆಯ ಗೆರೆಯಂತೆ. ಕಪ್ಪಾಗಿಸಿದ ಉಕ್ಕಿನ ಹೆಲ್ಮೆಟ್ಟನ್ನು ಧರಿಸುತ್ತಿದ್ದವರು ಯೇಗರ್ ತ್ಸು ಪ್ಫೇರ್ಡೆ ಎಂಬ ಇನ್ನೊಂದು ದಳದ ಸವಾರರು. ಯಾರೋ ಅದನ್ನು ಕೆರೆದು, ಬೆಳಗಿ, ಕ್ಯೂರಾಸಿಯರ್ ಮಾಡಿದ್ದರು.

ಆ ಸವಾರರ ಹೆಲ್ಮೆಟ್ಟಿಗೆ ಡ್ರಗೂನ್ ಹದ್ದು ಇರಬೇಕು. ಹದ್ದನ್ನು ಸಿಕ್ಕಿಸುವ ಎರಡು ರಂಧ್ರಗಳ ಅಂತರವನ್ನು ಕಾಗದದ ಮೇಲೆ ಗುರುತಿಸಿಟ್ಟುಕೊಂಡು ಸುಮಾರು ಹದಿನಾಲ್ಕು ತಿಂಗಳು ಸಂತೆ, ಹರಾಜುಗಳಲ್ಲಿ ಹುಡುಕಿದೆ. ಐದು ಹದ್ದುಗಳನ್ನು ಮರಳಿಸಿದೆ, ಅವುಗಳಲ್ಲಿ ಎರಡು ಹೊಸ ಎರಕ. ಆರನೆಯದು, ಮುನ್ನೂರೈವತ್ತು ಯೂರೋಗೆ ಕೊಂಡದ್ದು, ಒತ್ತದೆಯೇ ಎರಡೂ ರಂಧ್ರಗಳಲ್ಲಿ ಕೂತಿತು. ರೆಕ್ಕೆಯ ಅಂಚು ಉಕ್ಕಿನ ಮೇಲಿದ್ದ ಹಳೆಯ ಗೀರಿನ ಮೇಲೆಯೇ ಬಂದು ನಿಂತಿತು. ಮೊದಲು ನಂಬದಿದ್ದವರಲ್ಲಿ ಇಬ್ಬರು ಈಗ ತಮ್ಮ ಹೆಲ್ಮೆಟ್ಟುಗಳನ್ನು ನನ್ನ ಬಳಿ ತರುತ್ತಾರೆ. ತುಕ್ಕು ಹಿಡಿದ ನಟ್ಟನ್ನು ಗೀರು ಬೀಳದಂತೆ ಸಡಿಲಿಸುವ ಬಗೆಯನ್ನು ಮಾತ್ರ ನಾನು ಅವರಿಗೂ ಹೇಳಿಲ್ಲ.

ಈ ಓದು ಎರಡೂ ದಿಕ್ಕಿಗೆ ನಡೆಯುತ್ತದೆ. ಕೆನ್ನೆಪಟ್ಟಿ ಸಿಕ್ಕಿಸುವ 1891ರ ಗುಬುಟು ಇದೆಯೆಂದು ಇತರರು ತಿರಸ್ಕರಿಸಿದ, ಅದಕ್ಕಿಂತ ಹಳೆಯ ಹೆಲ್ಮೆಟ್ಟನ್ನು ನಾನು ಕೊಂಡೆ; ಹಳೆಯ ಜೋಡಣೆಯ ರಂಧ್ರಗಳನ್ನು ಒಳಗಡೆ ಅಚ್ಚುಕಟ್ಟಾಗಿ ಮುಚ್ಚಲಾಗಿತ್ತು, ಅಂದರೆ ಅದು ನಕಲಿಯಲ್ಲ, ಸೇವೆಯಲ್ಲಿದ್ದಾಗಲೇ ನವೀಕರಿಸಿದ್ದು. ಆರುನೂರಕ್ಕೆ ಸಿಕ್ಕ ಅದು ಇಂದಿಗೂ ನನ್ನ ಕಪಾಟಿನ ಮೇಲಿನ ಸಾಲಿನಲ್ಲಿದೆ.